ವಾಪಸ್ ಬಂದ ಗುಲಾಬಿ ಫ್ರಾಕು

ಮುಂಬಯಿಯ ಸಯನ್‌ನಲ್ಲಿದ್ದ ನಮ್ಮ ಮನೆಯಲ್ಲಿ ಮಕ್ಕಳ ಫ್ರಾಕು ಹೊಲಿದು ದಾದರಿನ ಒಂದು ಅಂಗಡಿಗೆ ಕೊಡುತ್ತಿದ್ದೆ. ಮಾರಿದರೆ ದುಡ್ಡು, ಗಿರಾಕಿ ವಾಪಸ್ ತಂದರೆ ನನಗೇ ಕಡಿತ. ಅದು ಅಂಗಡಿಯ ಶೇಠ್‌ಜಿ ಮಾಡಿದ ನಿಯಮ.

ಒಂದು ಸಲ ಗುಲಾಬಿ ಫ್ರಾಕೊಂದು ವಾಪಸ್ ಬಂತು. ಅದರ ದುಡ್ಡು ಮುರಿದುಕೊಂಡಿದ್ದು ಸಾಲದೆಂದು ಇಸ್ತ್ರಿಯ ಖರ್ಚನ್ನೂ ನನ್ನ ತಲೆಗೇ ಕಟ್ಟಿದರು. ಬಿಚ್ಚಿ ನೋಡಿದರೆ ಎದೆಯ ಲೇಸಿನ ತುಂಬ ಕೇಕಿನ ಕ್ರೀಮಿನ ಕಲೆ!

"ಇದನ್ನ ಹಾಕಿಕೊಂಡು ಬರ್ತ್‌ಡೇನೇ ಮಾಡಿದ್ದಾರೆ! ಯಾರು ಆ ಗಿರಾಕಿ?" ಎಂದು ನನ್ನ ಹರಕು ಹಿಂದಿಯಲ್ಲೇ ಕೂಗಾಡಿದೆ.

"ಯಾರಾದರೇನು ಬೆಹನ್‌ಜಿ? ಲೇಸು ಚುಚ್ಚಿ ಪಾಪ, ಮಗು ಅಳುತ್ತಲೇ ಇತ್ತಂತೆ," ಎಂದರು ಶೇಠ್‌ಜಿ.

ಸಿಟ್ಟಿನಿಂದ ತಲೆ ಎತ್ತಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಹೊಸ ಫೋಟೋ ತೂಗುತ್ತಿತ್ತು. ಶೇಠ್‌ಜಿಯ ತೊಡೆಯ ಮೇಲೆ ಮೊಮ್ಮಗಳು, ಮುಂದೆ ಕೇಕು, ಮೈಮೇಲೆ ನನ್ನ ಫ್ರಾಕು. ಬೆರಳು ಮಾಡಿ ತೋರಿಸಿದೆ.

"ಹ್ಞಾಂ, ಅವಳೇ," ಎಂದರು, ಚೂರೂ ನಾಚಿಕೆಯಿಲ್ಲದೆ. "ಮನೆಯವರಾದರೇನು, ನಿಯಮ ಎಲ್ಲರಿಗೂ ಒಂದೇ ಅಲ್ಲವಾ?"

ಫೋಟೋದಲ್ಲಿ ಆ ಹುಡುಗಿ ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ ನಗುತ್ತಿದ್ದಳು. ಲೇಸು ಚುಚ್ಚಿಸಿಕೊಂಡ ಮಗು ಅಷ್ಟು ಖುಷಿಯಾಗಿ ನಗುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ.