ಬೀಸಣಿಗೆಯ ವಾಚಿಗೆ ಕೀ ಕೊಟ್ಟವರು

ಅವರಿಗೊಂದು ಸರಿಯಾದ ಹೆಸರಿತ್ತು. ಪಿಂಚಣಿ ಕಚೇರಿಯನ್ನು ಬಿಟ್ಟರೆ ಅದು ಇನ್ಯಾರಿಗೂ ಬೇಕಾಗಿರಲಿಲ್ಲ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು, ಕೇಳಿದವರಿಗೆಲ್ಲ ಎರಡೂ ಕೈ ಬೀಸಿ ಬಸ್ಸು ತೋರಿಸುತ್ತಿದ್ದ ಅವರಿಗೆ ಕಂಡಕ್ಟರುಗಳು ಇಟ್ಟ ಹೆಸರು ಬೀಸಣಿಗೆ. ಕರೆಂಟು ಹೋದಾಗ ಎಲ್ಲಿಗೂ ಹೋಗಬೇಕಿಲ್ಲದ ಜನ ಕೂಡ ತಂಪಿಗೆಂದು ಆ ಕಿಟಕಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಒಮ್ಮೆ ಮೂಲೆಯಲ್ಲಿ ನಿಂತ ಬಸ್ಸನ್ನು ಅವರು ತೋರಿಸಿದ ರಭಸಕ್ಕೆ ಬಸ್ಸೇ ಹೊರಟುಬಿಟ್ಟು, ಡ್ರೈವರು ಚಹಾದ ಲೋಟ ಹಿಡಿದುಕೊಂಡೇ ಹಿಂದೆ ಓಡಬೇಕಾಯಿತು. ಕೈ ಕಟ್ಟಿ ಕೂರಿಸಿದರೆ ಅವರಿಗೆ ತಮ್ಮ ಮನೆಯ ವಿಳಾಸ ಹೇಳಲೂ ಬರುತ್ತಿರಲಿಲ್ಲ.

ಕೆಲಸದಲ್ಲಿದ್ದಷ್ಟು ಕಾಲ ಅವರ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಪಟ್ಟಿಯ ಬ್ಯಾಟರಿ ವಾಚು. ಪಟ್ಟಿ ಆಗಾಗ ಹರಿಯುತ್ತಿತ್ತು, ವಾಚು ಹಾರಿಹೋಗುತ್ತಿತ್ತು. ಒಂದು ಸಲ ಅದು ಯಾರದೋ ಚೀಲದೊಳಗೆ ಬಿದ್ದು ಪರವೂರಿಗೆ ಹೋಗಿ, ಸಂಜೆಯ ಬಸ್ಸಿನಲ್ಲಿ ವಾಪಸು ಬಂತು. ಬಸ್ಸು ತಡವಾಗಿತ್ತು, ವಾಚು ಮಾತ್ರ ಸರಿಯಾದ ಹೊತ್ತಿನಲ್ಲಿತ್ತು.

ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಅವರನ್ನು ವಾಚಿನ ಅಂಗಡಿಗೆ ಕರೆದುಕೊಂಡು ಹೋದರು. "ನಿಮಗೆ ಬೇಕಾದ್ದು ಆರಿಸ್ಕೊಳ್ಳಿ" ಅಂದರು. ಅಂಗಡಿಯವನು ಗಾಜಿನ ಮೇಲೆ ಬಟ್ಟೆ ಹಾಸಿ ಒಂದೊಂದಾಗಿ ಇಟ್ಟ.

"ಇದು ಬ್ಯಾಟರಿದು, ಯಜಮಾನ್ರೇ. ಕಟ್ಕೊಂಡು ಮರೆತುಬಿಡಬಹುದು. ಡ್ರಾಯರಲ್ಲಿ ಹಾಕಿಟ್ರೂ ನಡೀತಾ ಇರುತ್ತೆ."

"ಇದು ಮನೇಲಿದೆ ಬಿಡಿ."

"ಇದು ಹಳೇ ಕಾಲದ್ದು. ದಿನಾ ಬೆಳಿಗ್ಗೆ ಕೀ ಕೊಡಬೇಕು."

"ದಿನಾ ಹಲ್ಲುಜ್ಜೋದೇ ಕಷ್ಟ ಆಗಿದೆ. ಅದೇನದು, ಆ ಕಡೇದು?"

ಅಂಗಡಿಯವನು ಅದನ್ನು ತಿರುಗಿಸಿ ಹಿಂಬದಿಯ ಗಾಜು ತೋರಿಸಿದ. ಒಳಗೆ ಅರ್ಧಚಂದ್ರದಂಥ ಬಿಲ್ಲೆಯೊಂದು ತೂಗುತ್ತಿತ್ತು. "ಆಟೋಮ್ಯಾಟಿಕ್. ಇದಕ್ಕೆ ಬ್ಯಾಟರೀನೂ ಇಲ್ಲ, ನೀವು ಕೀ ಕೊಡೋದೂ ಇಲ್ಲ. ಕೈ ಆಡಿದ ಹಾಗೆ ಈ ಬಿಲ್ಲೆ ತಿರುಗುತ್ತೆ, ಅದೇ ಕೀ. ಕೈಯಲ್ಲಿ ಜೀವ ಇರೋ ತನಕ ನಿಲ್ಲಲ್ಲ."

"ಇವರ ಕೈಗೆ ಕಟ್ಟಿದ್ರೆ ಕೀ ಜಾಸ್ತಿಯಾಗಿ ವಾಚು ಸಿಡಿದು ಯಾರಿಗಾದ್ರೂ ಬಡಿದೀತು" ಎಂದ ಒಬ್ಬ ಕಂಡಕ್ಟರು. ಎಲ್ಲರೂ ನಕ್ಕರು. ಬೀಸಣಿಗೆಯವರ ಎದೆ ಉಬ್ಬಿತು. ಅದೇ ಇರಲಿ ಅಂದರು.

ಮನೆಯೆಂದರೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಅವರೂ ಅವರ ಅಕ್ಕನೂ ಇದ್ದರು. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ಅಕ್ಕ ವಾಚನ್ನು ದಪ್ಪ ಕನ್ನಡಕದ ಹತ್ತಿರ ತಂದು ನೋಡಿದರು.

"ನಿನ್ನ ಕೈಯಲ್ಲಿ ಜೀವ ಇದೆ ಅಂತ ತಿಳ್ಕೊಳ್ಳೋಕೆ ಇಷ್ಟು ದೊಡ್ಡ ವಾಚು ಬೇಕಿತ್ತೇನೋ? ನನ್ನ ಕೇಳಿದ್ರೆ ಹೇಳ್ತಿದ್ದೆ."

"ನಿನಗೇನು ಗೊತ್ತಾಗುತ್ತೆ ಇದರ ಗಮ್ಮತ್ತು?"

"ಗೊತ್ತಾಗಲ್ಲಪ್ಪ. ನಾನು ಬ್ಯಾಟರಿ ಹೆಂಗಸು."

ನಿವೃತ್ತಿಯಾದ ಮೇಲೆ ಆ ಮನೆಯಲ್ಲಿ ಸಂಜೆ ತಪ್ಪಿದರೂ ಜಗಳ ತಪ್ಪುತ್ತಿರಲಿಲ್ಲ. ಶುರು ಮಾಡುತ್ತಿದ್ದವರು ಅಕ್ಕನೇ. ತಮ್ಮ ತೆರೆದಿಟ್ಟ ಕಿಟಕಿಯನ್ನು ತಾವೇ ಮುಚ್ಚಿ, "ಇದನ್ನ ಮುಚ್ಚಿದ್ದು ನೀನು" ಅನ್ನುತ್ತಿದ್ದರು. ಅದು ಮುಗಿದರೆ, ಬಸ್ ನಿಲ್ದಾಣ ಮೊದಲು ಈಗಿನ ಅಂಚೆ ಕಚೇರಿಯ ಜಾಗದಲ್ಲಿತ್ತು ಎಂದು ಹಟ ಹಿಡಿಯುತ್ತಿದ್ದರು. ಬದುಕೆಲ್ಲ ಆ ನಿಲ್ದಾಣದಲ್ಲೇ ಸವೆಸಿದ ಮನುಷ್ಯನಿಗೆ ಇದನ್ನು ಹೇಳಿದರೆ ಹೇಗಿರುತ್ತದೆ? ಬೀಸಣಿಗೆಯವರು ಎದ್ದು ನಿಂತು, ನಡುಮನೆಯಲ್ಲೇ ಇಡೀ ನಿಲ್ದಾಣವನ್ನು ಗಾಳಿಯಲ್ಲಿ ಕಟ್ಟಿ, ಬಸ್ಸುಗಳನ್ನು ಒಳಗೆ ಬಿಟ್ಟು, ಹೊರಗೆ ಕಳಿಸಿ, ಅಂಚೆ ಕಚೇರಿಯನ್ನು ಕಿತ್ತು ಅದರ ಜಾಗದಲ್ಲಿಡುವಷ್ಟರಲ್ಲಿ ಬೆವೆತುಹೋಗುತ್ತಿದ್ದರು. ಆ ಜಗಳಗಳಲ್ಲಿ ಎಷ್ಟೋ ಕಪ್ಪುಗಳು ಪ್ರಾಣ ಬಿಟ್ಟವು. ದೀಪದ ಬುರುಡೆಯೊಂದು ವೀರಸ್ವರ್ಗ ಸೇರಿತು. ಕೊನೆಗೆ ಅಕ್ಕ, "ಆಯ್ತಪ್ಪ, ನೀನೇ ಗೆದ್ದೆ. ಹೋಗಿ ಮಲಕ್ಕೋ" ಅನ್ನುತ್ತಿದ್ದರು. ಬೀಸಣಿಗೆಯವರು ರಾಜ್ಯ ಗೆದ್ದ ದೊರೆಯ ಹಾಗೆ ಗೊರಕೆ ಹೊಡೆಯುತ್ತಿದ್ದರು. ವಾಚು ನಡೆಯುತ್ತಲೇ ಇತ್ತು.

ಹೀಗೆ ವರ್ಷಗಳು ಹೋದವು. ಒಂದು ಮಧ್ಯಾಹ್ನ ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಂತೆಯೇ ಹೋಗಿಬಿಟ್ಟರು. ಬರುವವರು ಬಂದರು, ಹೋಗುವವರು ಹೋದರು. ಕುರ್ಚಿಯನ್ನು ಎತ್ತಿಡೋಣವೇ ಎಂದು ಯಾರೋ ಕೇಳಿದರು. ಬೀಸಣಿಗೆಯವರು ತಲೆ ಅಲ್ಲಾಡಿಸಿದರು. ಕೈ ಅಲ್ಲಾಡಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ವಾಚು ನಿಂತಿತ್ತು. ಅಲ್ಲಾಡಿಸಿದರು, ನಡೆಯಿತು. ಮಾರನೆಯ ದಿನ ಮತ್ತೆ ನಿಂತಿತು. 'ಕೈಯಲ್ಲಿ ಜೀವ ಇರೋ ತನಕ' ಎಂದಿದ್ದ ಅಂಗಡಿಯವನ ಮಾತು ನೆನಪಾಗಿ, ಅವರು ಎಡಗೈಯ ನಾಡಿಯನ್ನು ಬಲಗೈಯಿಂದ ಹಿಡಿದು ನೋಡಿಕೊಂಡರು. ಅದು ಹೊಡೆದುಕೊಳ್ಳುತ್ತಿತ್ತು. ಹಾಗಾದರೆ ತಪ್ಪು ವಾಚಿನದೇ. ವಾಚಿನದೇ ಆಗಿರಬೇಕು. ಇಲ್ಲದಿದ್ದರೆ ಇದು ಏನು ಹೇಳುತ್ತಿದೆ? ವಾಚಿನ ಕಡ್ಡಿಗೆ ಮುಳ್ಳು ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ತಿಳಿದೇ ಇಟ್ಟಿದ್ದ. ನಿಂತ ಮುಳ್ಳು ದಿನವೆಲ್ಲ ಚುಚ್ಚುತ್ತಿತ್ತು. ಡ್ರಾಯರಿನಲ್ಲಿ ಹಳೆಯ ಬ್ಯಾಟರಿ ವಾಚು ಮಾತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಮನೆಯಲ್ಲಿ ಯಾರಿದ್ದರೂ, ಯಾರಿಲ್ಲದಿದ್ದರೂ ಅದಕ್ಕೆ ಒಂದೇ.

ರಿಪೇರಿಯವನ ಅಂಗಡಿ ಒಂದು ಮೆಟ್ಟಿಲಸಾಲಿನ ಕೆಳಗಿತ್ತು. ಒಳಗೆ ಅವನು ಕೂತರೆ ಗಾಳಿ ಹೊರಗೆ ನಿಲ್ಲಬೇಕು, ಅಷ್ಟು ಜಾಗ. ಒಂದು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಅವನು ತೆಗೆದದ್ದನ್ನು ಕಂಡವರಿಲ್ಲ. ಬೀಸಣಿಗೆಯವರ ವಾಚನ್ನು ಬಿಚ್ಚಿ ನೋಡಿದ, ಮುಚ್ಚಿದ, ನಾಲ್ಕು ದಿನ ತನ್ನ ಕೈಗೆ ಕಟ್ಟಿಕೊಂಡಿದ್ದ.

"ಏನೂ ಆಗಿಲ್ಲ ಇದಕ್ಕೆ. ಕುದುರೆ ಥರ ಓಡ್ತಾ ಇದೆ."

ಮನೆಗೆ ತಂದರೆ ಕುದುರೆ ಮತ್ತೆ ಮಲಗಿತು.

ಬೀಸಣಿಗೆಯವರು ಸುಮ್ಮನೆ ಕೂರಲಿಲ್ಲ. ಸಿಪಾಯಿಯ ಹಾಗೆ ಕೈ ಬೀಸಿಕೊಂಡು ಬೀದಿ ಸುತ್ತಿದರು. ಆಟೋದವರು ತಮ್ಮನ್ನೇ ಕರೆಯುತ್ತಿದ್ದಾರೆಂದು ಒಬ್ಬರ ಹಿಂದೆ ಒಬ್ಬರು ಬಂದು ನಿಂತು, ಬೈದು ಹೋದರು. ಒಂದು ದಿನ ಹಳೆಯ ನಿಲ್ದಾಣಕ್ಕೇ ಹೋದರು. ವಿಚಾರಣೆ ಕಿಟಕಿಗೆ ಹಲಗೆ ಬಡಿದಿದ್ದರು. ಅದರ ಮೇಲೆ ಕೆಂಪು ಅಕ್ಷರಗಳು ಓಡುವ ಫಲಕವೊಂದಿತ್ತು. ಜನ ಫಲಕ ನೋಡುತ್ತಿದ್ದರು, ಇಲ್ಲವೇ ಕೈಯಲ್ಲಿದ್ದ ಫೋನು ನೋಡುತ್ತಿದ್ದರು. ಚೀಲ ಹೊತ್ತ ಹುಡುಗಿಯೊಬ್ಬಳು ಅತ್ತಿತ್ತ ನೋಡಿದಳು. ಬೀಸಣಿಗೆಯವರ ಕೈ ತಾನಾಗಿ ಮೇಲೆದ್ದಿತು. "ಯಾವೂರಿಗಮ್ಮ? ಆ ಮೂಲೇಲಿ..."

"ಗೊತ್ತು ಅಂಕಲ್, ಥ್ಯಾಂಕ್ಸ್" ಎಂದು ಅವಳು ನಡೆದಳು. ಎತ್ತಿದ ಕೈಯನ್ನು ಅವರು ತಲೆ ಕೆರೆದುಕೊಳ್ಳಲು ಬಳಸಿದರು. ದಂಡ ಮಾಡಬಾರದಲ್ಲ.

ಆಮೇಲೆ ಮೂರು ದಿನ ಮನೆ ಬಿಟ್ಟು ಹೊರಡಲಿಲ್ಲ, ವಾಚು ಮತ್ತೆ ನಿಂತಿತು. ನಿಂತ ವಾಚು ಕಟ್ಟಿಕೊಂಡೇ ರಿಪೇರಿಯವನ ಮೇಲೆ ಯುದ್ಧಕ್ಕೇ ಹೋದರು.

"ಏನ್ರೀ, ನಿಮ್ಮ ಕೈಯಲ್ಲಿ ನಡೆಯುತ್ತೆ, ನನ್ನ ಕೈಯಲ್ಲಿ ನಿಲ್ಲುತ್ತೆ ಅಂದ್ರೆ ಏನರ್ಥ? ಒಳಗೆ ಏನು ತೆಗೆದಿಟ್ಕೊಂಡಿದ್ದೀರಿ? ನಿಮ್ಮ ಕೈಯೇನು ಚಿನ್ನದ್ದಾ, ನನ್ನ ಕೈಯೇನು ಕಟ್ಟಿಗೇದಾ?" ವಾಚು ಕಟ್ಟಿದ ಕೈ ಆ ಮೆಟ್ಟಿಲ ಕೆಳಗೆ ಮೇಲೂ ಕೆಳಗೂ ಹಾರಾಡಿತು. ಗೋಡೆಗೆ ನೇತುಹಾಕಿದ್ದ ಪಟ್ಟಿಗಳೆಲ್ಲ ಗಾಳಿಗೆ ತೂಗಿದವು.

ರಿಪೇರಿಯವನು ಅವರ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದ. "ಈಗ ನೋಡಿ."

ಸೆಕೆಂಡಿನ ಮುಳ್ಳು ಓಡುತ್ತಿತ್ತು.

"ನೀವು ಬಂದಾಗ ಇದು ನಿಂತಿತ್ತು. ನನ್ನನ್ನ ಬೈದು ಬೈದೇ ಕೀ ಆಯ್ತು. ಇದರ ತಿರುಪು ಮುಳ್ಳು ಸರಿ ಮಾಡೋಕೆ ಅಷ್ಟೇ, ಅದರಿಂದ ಕೀ ಆಗಲ್ಲ. ಕೈಯೇ ಆಡಬೇಕು. ಬೆಳಿಗ್ಗೆಯಿಂದ ಯಾರ ಹತ್ರ ಮಾತಾಡಿದ್ರಿ, ಹೇಳಿ?"

ಬೀಸಣಿಗೆಯವರು ಯೋಚಿಸಿದರು. "ಹಾಲಿನವನ ಹತ್ರ."

"ಏನಂದ್ರಿ?"

"ಒಂದು ಅಂದೆ."

ರಿಪೇರಿಯವನು ಕಣ್ಣಿನಿಂದ ಭೂತಗನ್ನಡಿ ತೆಗೆದ. ಅಡಿಯಲ್ಲಿ ಎಲ್ಲರಿಗೂ ಇರುವಂಥದೇ ಒಂದು ಕಣ್ಣಿತ್ತು.

"ನಿಮ್ಮಕ್ಕ ಬಂದಿದ್ರು ಒಂದ್ಸಲ, ಇದೇ ವಾಚು ತಗೊಂಡು. ನೀವು ಜ್ವರ ಬಂದು ಮಲಗಿದ್ರಂತೆ, ಆಗ ನಿಂತಿತ್ತು. 'ಇದು ನಿಂತಿದ್ದು ನೋಡಿದ್ರೆ ನನ್ನ ತಮ್ಮ ತಾನೇ ಸತ್ತೆ ಅಂದ್ಕೋತಾನೆ, ಎದ್ದೇಳೋದರೊಳಗೆ ಸರಿ ಮಾಡಿಕೊಡಿ' ಅಂದ್ರು. ಸರಿ ಮಾಡೋಕೆ ಏನೂ ಇಲ್ಲಮ್ಮ, ಕೈ ಆಡ್ತಾ ಇರಬೇಕು ಅಷ್ಟೇ ಅಂದೆ. 'ಅಷ್ಟೇನಾ? ಅವನಿಗೆ ಕೀ ಕೊಡೋದು ನನಗೆ ಬಿಡಿ' ಅಂತ ಹೇಳಿ ಹೋದ್ರು. ಆಮೇಲೂ ಈ ಕಡೆ ಬಂದಾಗ ನಗ್ತಾ ಹೇಳ್ತಿದ್ರು, 'ಇವತ್ತು ಕಿಟಕಿ ಮುಚ್ಚಿಟ್ಟು ಬಂದಿದೀನಿ' ಅಂತ. ನನಗೆ ಅರ್ಥವೇ ಆಗ್ತಿರಲಿಲ್ಲ."

ಬೀಸಣಿಗೆಯವರಿಗೆ ಅರ್ಥವಾಯಿತು.

ರಿಪೇರಿಯವನು ಆ ಮುಖ ನೋಡಿ, ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸುಮ್ಮನೆ ಕೇಳಿದವನ ಹಾಗೆ ಕೇಳಿದ. "ಅಂದ ಹಾಗೆ, ಬಸ್ ನಿಲ್ದಾಣ ಮೊದಲು ಅಂಚೆ ಕಚೇರಿ ಜಾಗದಲ್ಲಿತ್ತಂತಲ್ಲ? ನಿಮ್ಮಕ್ಕ ಹೇಳ್ತಿದ್ರು."

ಒಳ್ಳೆಯ ಮನುಷ್ಯ. ಆದರೆ ಕೀ ಕೊಡುತ್ತಿದ್ದಾನೆಂದು ಗೊತ್ತಾದ ಮೇಲೆ ಯಾವ ಕೈ ಏಳುತ್ತದೆ? ಬೀಸಣಿಗೆಯವರು ಕೈಯನ್ನು ಜೇಬಿಗೆ ಇಳಿಸಿದರು.

"ಇತ್ತು ಅನ್ನಿ" ಅಂದು ಹೊರಬಿದ್ದರು.

ಮನೆಗೆ ಬಂದು ವಾಚು ಬಿಚ್ಚಿ ಅಕ್ಕನ ಕುರ್ಚಿಯ ಕೈಗೆ ನೇತುಹಾಕಿದರು. ಡ್ರಾಯರಿನಿಂದ ಬ್ಯಾಟರಿ ವಾಚು ತೆಗೆದು ಕಟ್ಟಿಕೊಂಡರು. ಹಗುರವಾಗಿತ್ತು, ಕೈಯಲ್ಲಿ ಏನೂ ಇಲ್ಲವೇನೋ ಎನ್ನುವಷ್ಟು. ಎರಡು ದಿನ ಹಾಗೇ ಕಳೆದವು. ಕುರ್ಚಿಯ ಮೇಲಿನ ವಾಚು ತನ್ನಲ್ಲಿದ್ದ ಜಗಳವನ್ನೆಲ್ಲ ಖರ್ಚು ಮಾಡಿ ನಿಂತಿತು.

ಮೂರನೆಯ ಸಂಜೆ ಸೈಕಲ್ ಅಂಗಡಿಯ ಬಾಗಿಲು ಎಳೆದ ಸದ್ದಾಯಿತು. ಆಮೇಲೆ ಕೆಳಗೂ ಸದ್ದಿಲ್ಲ, ಮೇಲೂ ಸದ್ದಿಲ್ಲ. ಬೀಸಣಿಗೆಯವರು ಕುರ್ಚಿಯ ಎದುರು ಕೂತು ಒಂದೊಂದೇ ಜಗಳವನ್ನು ನೆನಪಿಗೆ ತಂದುಕೊಂಡರು. ಕಿಟಕಿಯ ಜಗಳ. ಉಪ್ಪಿನ ಡಬ್ಬಿಯ ಜಗಳ. ಅಂಚೆ ಕಚೇರಿಯ ಜಗಳ. ಎಲ್ಲವನ್ನೂ ಗೆದ್ದಿದ್ದರು. ಒಂದನ್ನೂ ಸೋತಿರಲಿಲ್ಲ. ಆಗ ನಿಧಾನವಾಗಿ ಹೊಳೆಯಿತು: ಬೇಕೆಂದೇ ಸೋತವರ ಮುಂದೆ ಗೆದ್ದದ್ದು ಗೆಲುವೇ ಅಲ್ಲ. ಇಷ್ಟು ವರ್ಷ ಅವರು ಒಂದು ಜಗಳವನ್ನೂ ಗೆದ್ದಿರಲಿಲ್ಲ.

ಸಿಟ್ಟು ಬಂತು. ನಿಜವಾದ ಸಿಟ್ಟು. ಅವರು ಕುರ್ಚಿಯ ಮೇಲಿದ್ದ ವಾಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದು ನಿಂತರು.

"ಅಲ್ಲ ಕಣೇ ಅಕ್ಕ, ನಿನಗೆ ಗೊತ್ತಿತ್ತು ತಾನೇ? ನಿಲ್ದಾಣ ಎಲ್ಲಿತ್ತು ಅಂತ ನಿನಗೆ ಮೊದಲಿಂದಾನೂ ಗೊತ್ತಿತ್ತು! ನಾನು ಇಲ್ಲಿ ನಿಂತ್ಕೊಂಡು, ಇಲ್ಲಿ ಬಸ್ಸು ಬರ್ತಾ ಇತ್ತು, ಇಲ್ಲಿ ತಿರುಗ್ತಾ ಇತ್ತು, ಇಲ್ಲಿ ಹೋಗ್ತಾ ಇತ್ತು ಅಂತ ಕುಣೀತಿದ್ರೆ, ನೀನು ಒಳಗೊಳಗೇ ವಾಚು ನೋಡ್ತಾ ಇದ್ದೆ! ಕಿಟಕಿ ಮುಚ್ಚಿದ್ದೂ ನೀನೇ, ನನ್ನನ್ನ ಬೈದಿದ್ದೂ ನೀನೇ! ಹಾಲು ಒಂದೇ ಸಾಕು ಅಂತ ಈಗ ಹೇಳ್ತಿದೀನಲ್ಲ, ಅದು ಯಾರಿಂದ? ಹೇಳು, ಯಾರಿಂದ?"

ಕೈಗಳು ಹಳೆಯ ಹಾಗೆ ಹಾರಿದವು. ನೀರಿನ ಲೋಟವೊಂದು ಉರುಳಿ ಮೂಲೆ ಸೇರಿತು. ದೀಪ ತೂಗಾಡಿ, ಗೋಡೆಯ ಮೇಲೆ ಕುರ್ಚಿಯ ನೆರಳು ಅತ್ತಿತ್ತ ಸರಿಯಿತು. ಹೇಳುವುದೆಲ್ಲ ಮುಗಿದು, ಉಸಿರು ಸೋತು, ಅವರು ಕೂತರು.

ದೀಪದ ತೂಗಾಟ ನಿಂತಿತು. ಮುಷ್ಟಿ ಬಿಚ್ಚಿದರು. ವಾಚು ನಡೆಯುತ್ತಿತ್ತು. ಒಳಗಿನ ಬಿಲ್ಲೆ ಕೊನೆಯ ಸಲ ಗಿರ್ರೆಂದು ತಿರುಗಿ ತಟಸ್ಥವಾಯಿತು. ಬ್ಯಾಟರಿ ವಾಚನ್ನು ಬಿಚ್ಚಿ ಪಕ್ಕಕ್ಕಿಟ್ಟು, ಇದನ್ನು ಕಟ್ಟಿಕೊಂಡರು.

ತಮ್ಮ ಮಾತು ಮುಗಿದಿತ್ತು. ಇನ್ನು ಅಕ್ಕನ ಸರದಿ. ಬೀಸಣಿಗೆಯವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾದರು.