ಚಿಕ್ಕವ್ವ ಆಡಿದರೆ ನಿಲ್ಲದ ಆಟ

ತೊಳೆಯದ ಹೊಸ ಜೀನ್ಸ್ ಬಟ್ಟೆಗೆ ಒಂದು ಘಾಟಿದೆ. ನೀಲಿ ಬಣ್ಣ, ಗಂಜಿ, ಹೊಲಿಗೆ ಯಂತ್ರದ ಎಣ್ಣೆ ಎಲ್ಲ ಬೆರೆತದ್ದು. ಬಳ್ಳಾರಿಯ ಯಾವ ಬಟ್ಟೆ ಅಂಗಡಿಯ ಮುಂದೆ ಅದು ಮೂಗಿಗೆ ಬಡಿದರೂ ಕಂಟೋನ್ಮೆಂಟಿನ ನಮ್ಮ ಹಳೇ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಈಗ ಇಲ್ಲವಾಗಿರಬಹುದು. ನಮ್ಮ ಪಡಸಾಲೆಯಲ್ಲಿ ಚಿಕ್ಕಪ್ಪ ಯಂತ್ರಗಳನ್ನು ಸಾಲಾಗಿ ಇಟ್ಟು ಜೀನ್ಸ್ ಹೊಲಿಸುತ್ತಿದ್ದ. ಕೆಲಸಕ್ಕೆಂದು ತಂದ ಕಂಪ್ಯೂಟರ್ ಅಲ್ಲೇ ಮೂಲೆಯಲ್ಲಿತ್ತು. ನಾನು ಸಾಲೆಯಿಂದ ಬಂದೊಡನೆ ಆತ ಕೆಲಸ ಬದಿಗಿಟ್ಟು ಕಾರ್ ರೇಸಿನ ಆಟ ತೆಗೆಯುತ್ತಿದ್ದ. ಒಂದೇ ಕುರ್ಚಿಯಲ್ಲಿ ಇಬ್ಬರೂ ಒತ್ತಿಕೊಂಡು ಕೂರುತ್ತಿದ್ದೆವು. ಕಾರು ತಿರುಗಿಸುವುದು ನಾನು, ಬ್ರೇಕು ಹಾಕುವುದು ಅವನು. ಇನ್ನೂ ಮದುವೆಯಾಗದ ಚಿಕ್ಕಪ್ಪ ಪೂರ್ತಿ ನನ್ನವನೆಂದೇ ತಿಳಿದಿದ್ದೆ.

ಆಮೇಲೆ ಚಿಕ್ಕಪ್ಪನನ್ನು ಮದುವೆಯಾಗಿ ಕುರುಗೋಡಿನಿಂದ ಚಿಕ್ಕವ್ವ ಬಂದಳು. ಕೈತುಂಬ ಹಸಿರು ಬಳೆ, ಮಾತಿಗೊಮ್ಮೆ ನಗು. ನನ್ನ ಕುರ್ಚಿಯಲ್ಲಿ ಕೂತು ಆಟ ಕಲಿತಳು. ಅದೇ ಬೇಸಿಗೆಯಲ್ಲಿ ಆಟ ಕೆಟ್ಟಿತು. ಕಾರು ಕಾಡಿನ ದಾರಿಗೆ ಹೊರಳುತ್ತಿದ್ದಂತೆ ಪರದೆ ಕಲ್ಲಾಗುತ್ತಿತ್ತು, ಸ್ಪೀಕರು ಒಂದೇ ಸಮ ಗೊರಗೊರ ಅಂದು ಕಂಪ್ಯೂಟರ್ ತಾನಾಗಿಯೇ ಆರಿಹೋಗುತ್ತಿತ್ತು. ಆದರೆ ಹಾಗಾಗುತ್ತಿದ್ದುದು ಸಂಜೆ, ನಾನು ಕೂತಾಗ. ಮುಂಜಾನೆ ಅಡುಗೆ ಮುಗಿಸಿ ಚಿಕ್ಕವ್ವ ಆಡಿದರೆ ಕಾಡು ದಾಟಿ, ಸೇತುವೆ ದಾಟಿ ಓಡುತ್ತಿತ್ತು. ಚಿಕ್ಕಪ್ಪ ಸಿಡಿಯನ್ನು ಅಂಗಿಯ ತುದಿಯಿಂದ ಒರೆಸಿದ, ಆಟ ಅಳಿಸಿ ಮತ್ತೆ ಹಾಕಿದ. ರಿಪೇರಿಯವನ ಅಂಗಡಿಗೆ ಒಯ್ದರೆ ಅಲ್ಲಿ, ಕಂಪ್ಯೂಟರಿನ ಡಬ್ಬಿಯ ಮುಚ್ಚಳ ತೆಗೆದಿಟ್ಟಾಗ, ಚೆಂದಾಗಿ ಓಡಿತಂತೆ; ಅವನು ಒಳಗೇನೂ ನೋಡದೆ ಹಾಗೇ ಕೊಟ್ಟು ಕಳಿಸಿದನಂತೆ. ಮನೆಗೆ ತಂದ ಸಂಜೆಯೇ ನನ್ನ ಕೈಯಲ್ಲಿ ಮತ್ತೆ ಸತ್ತಿತು. ಚಿಕ್ಕಪ್ಪನ ಹಾಗೆ ಆ ಯಂತ್ರವೂ ಆಕೆಯ ಕಡೆಗೇ ಹೋಯಿತೆಂದು ನನ್ನ ಹೊಟ್ಟೆ ಉರಿಯಿತು. ಆಕೆ ಜಡೆ ಹಾಕಲು ಕರೆದರೆ ಹೋಗಲಿಲ್ಲ, ಬಡಿಸಿದರೆ ಉಣ್ಣಲಿಲ್ಲ.

“ನನಗಷ್ಟೇ ಯಾಕ ನಿಂದರತೈತಿ?” ಎಂದು ಒಂದು ಸಂಜೆ ಚಿಕ್ಕಪ್ಪನ ಮುಂದೆ ಅತ್ತೆ.

“ಏ ಹುಚ್ಚಿ, ಯಾರು ಕುಂತಾರಂತ ಅದಕ್ಕೇನು ಗೊತ್ತಾಕೈತಿ?”

“ಚಿಕ್ಕವ್ವಗ ಗೊತ್ತೈತಿ. ಆಕಿನೇ ಏನೋ ಮಾಡ್ಯಾಳ.”

ಪಡಸಾಲೆಯಲ್ಲಿ ಹೊಲಿಯುತ್ತಿದ್ದವರೆಲ್ಲ ನಮ್ಮ ಕಡೆ ತಿರುಗಿ ನೋಡಿದರು. ಚಿಕ್ಕವ್ವ ಸಿಟ್ಟಾಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು, “ಹಂಗಾರ ನಿನ್ನ ಹೊತ್ತಿಗೇ ನಾನೂ ಆಡತೀನಿ ಬಾ ಬೇ, ನೀನಾ ನೋಡು” ಎಂದು ಕೂತಳು. ಕಾರು ಕಾಡಿಗೆ ಹೊರಳಿತು. ಪರದೆ ನಿಂತಿತು, ಗೊರಗೊರ ಅಂದು ಆರಿತು. ನಾನು ಚಪ್ಪಾಳೆ ತಟ್ಟಿ ಕುಣಿದೆ! ನನಗಿಂತ ಜೋರಾಗಿ ಆಕೆಯೇ ನಕ್ಕಳು. ನಗುತ್ತ ಮೇಜಿನ ಕೆಳಗಿನ ಡಬ್ಬಿಯ ಮೇಲೆ ಕೈಯಿಟ್ಟವಳು ಬೆಚ್ಚಿ ತೆಗೆದಳು.

“ಅಯ್ಯ, ರೊಟ್ಟಿ ಹಂಚಿನಂಗ ಕಾದೈತಲ್ರೀ ಇದು!”

ಚಿಕ್ಕಪ್ಪ ಮುಚ್ಚಳ ಬಿಚ್ಚಿದ. ಒಳಗಿನ ಪುಟ್ಟ ಫ್ಯಾನಿಗೆ ಜೀನ್ಸಿನ ನೀಲಿ ಜುಂಗು ಅರಳೆಯ ಹಾಗೆ ಸುತ್ತಿಕೊಂಡು, ಅದು ತಿರುಗುವುದನ್ನೇ ಮರೆತಿತ್ತು. ಮುಂಜಾನೆ ತಣ್ಣಗಿದ್ದಾಗ ಓಡುತ್ತಿದ್ದದ್ದು ದಿನವಿಡೀ ಕಾದು ಸಂಜೆಗೆ ಕೈಚೆಲ್ಲುತ್ತಿತ್ತು. ನಾನೂ ಚಿಕ್ಕವ್ವನೂ ನೆಲದ ಮೇಲೆ ಎದುರುಬದುರು ಕೂತು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನೆಲ್ಲ ಬಿಡಿಸಿದೆವು. ಆಕೆಯ ಮೂಗಿನ ತುದಿ ನೀಲಿಯಾಗಿತ್ತು. ಅಂದು ಕಾಡು ದಾಟಿಸಿದವಳು ನಾನು. ಬ್ರೇಕು ಹಾಕಿದವಳು ಚಿಕ್ಕವ್ವ.

ಹೊಟ್ಟೆಕಿಚ್ಚು ಹೋಯಿತೆಂದಲ್ಲ, ದಿಕ್ಕು ಬದಲಿಸಿತು. ಚಿಕ್ಕಪ್ಪ ಆಕೆಯನ್ನು ಸಿನಿಮಾಕ್ಕೆ ಕರೆದೊಯ್ದರೆ ಈಗ ಅವನ ಮೇಲೆ ಮುನಿಸು. ಆಕೆಗೆ ಮಗಳು ಹುಟ್ಟಿದಾಗ ತೊಟ್ಟಿಲ ಕಡೆ ವಾರಗಟ್ಟಲೆ ನೋಡಲಿಲ್ಲ. ಮುಂದೆ ಹೊಲಿಗೆ ಕೆಲಸ ಇಳಿಮುಖವಾಯಿತು. ಕಂಟೋನ್ಮೆಂಟಿನ ಮನೆ ಬೇರೆಯವರ ಪಾಲಾಗಿ, ಚಿಕ್ಕಪ್ಪ ಸಂಸಾರ ಕಟ್ಟಿಕೊಂಡು ಸಿರುಗುಪ್ಪಕ್ಕೆ ಹೋದ. ಆ ಪಡಸಾಲೆಯ ಜಾಗದಲ್ಲಿ ಈಗ ಯಾರದೋ ಕಾರುಗಳು ನಿಲ್ಲುತ್ತವೆ.

ಹೋದ ವರ್ಷ ಸಿರುಗುಪ್ಪದಲ್ಲಿ ಚಿಕ್ಕವ್ವ ತೀರಿಕೊಂಡಳು. ಬಂದ ಹೆಂಗಸರೆಲ್ಲ ಆಕೆಯ ಮಗಳನ್ನು ತಬ್ಬಿಕೊಂಡು, “ತಬ್ಬಲಿ ಆದ್ಯಲ್ಲವ್ವಾ” ಎಂದು ತಲೆ ಸವರಿದರು. ಆಕೆಯ ಭಾವನ ಮಗಳಾದ ನನಗೆ ಯಾರು ಸಮಾಧಾನ ಹೇಳುತ್ತಾರೆ? ನಾನು ಬಂದವರಿಗೆ ನೀರು ಕೊಡುತ್ತಿದ್ದೆ. ಖಾಲಿ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಾಗ, ಆ ಹುಡುಗಿ ಎಲ್ಲರೆದುರು ಬಾಯಿಬಿಟ್ಟು “ಅವ್ವಾ” ಎಂದು ಕರೆದು ಅಳುತ್ತಿದ್ದಳು. ಹಾಗೆ ಅಳುವ ಹಕ್ಕು ಅವಳಿಗಿತ್ತಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.