ಹನ್ನೊಂದು ನಿಮಿಷ ತಡವಾಗಿ ಹುಟ್ಟಿದ ಸೂರ್ಯ

ಮಿರಜದಿಂದ ಮುಂಬಯಿಗೆ ಹೋಗುವ ಜಾಣರು ರಾತ್ರಿ ರೈಲು ಹತ್ತಿ, ಮಲಗಿ ಎದ್ದು, ಬೆಳಿಗ್ಗೆ ಇಳಿಯುತ್ತಾರೆ. ನಾವು ಶುಕ್ರವಾರ ಒಂಬತ್ತರ ಸುಮಾರಿನ ಹಗಲು ರೈಲು ಹತ್ತಿದೆವು. ನಾಲ್ಕುನೂರ ಎಪ್ಪತ್ತು ಕಿಲೋಮೀಟರ್ ದಾರಿಗೆ ಹತ್ತು ತಾಸಿನ ಮೇಲೆ ಬೇಕು, ಕುಂಡೆ ಮರದ ಹಲಗೆಯಾಗುತ್ತದೆ. ಆದರೆ ನನ್ನ ಹೆಂಡತಿ ಸುನಂದಾ ಸೂರ್ಯ ಮುಳುಗಿದ ಮೇಲೆ ಮರುದಿನ ಹುಟ್ಟುವ ತನಕ ಉಣ್ಣುವುದಿಲ್ಲ, ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ. ರೈಲಿನಲ್ಲಿ ಅವಳಿಗೆ ನಿದ್ದೆ ಬರುವುದಿಲ್ಲ, ನಿದ್ದೆ ಬಾರದಿದ್ದರೆ ಗಂಟಲು ಒಣಗುತ್ತದೆ. ಹಾಗಾಗಿ ಹಗಲು ರೈಲು.

ಇಂಥವಳು ಭಾನುವಾರ ನಸುಕಿನ ಐದಕ್ಕೆ, ಇನ್ನೂ ಕತ್ತಲಿರುವಾಗಲೇ, ಮುಂಬಯಿಯ ಅರ್ಧ ಮ್ಯಾರಥಾನ್ ಓಡಲು ಹೊರಟಿದ್ದಳು. ಇಪ್ಪತ್ತೊಂದು ಕಿಲೋಮೀಟರ್. ಅವಳ ಜೊತೆಗೆ ಓಡುವವನು ನಾನು. ಇಬ್ಬರೂ ಐವತ್ತು ದಾಟಿದವರು.

ನಮ್ಮದು ಮೂಲತಃ ಸಮಡೋಳಿಯ ಜೈನ ಮನೆತನ. ಈಗ ಸಾಂಗಲಿಯಲ್ಲಿದ್ದೇವೆ. ಕುಪವಾಡದ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಸಣ್ಣ ಲೇಥ್ ವರ್ಕ್‌ಶಾಪ್ ಇದೆ. ನಮ್ಮ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲು ಉಣ್ಣುವುದು ಹಳೆಯ ರೂಢಿ. ನನ್ನ ಹಾಗೆ ರಾತ್ರಿ ಹನ್ನೊಂದಕ್ಕೆ ಭಡಂಗ ಎಂಬ ಖಾರದ ಚುರಮುರಿಗಾಗಿ ಡಬ್ಬಿ ತಡಕಾಡುವವರೂ ಇದ್ದಾರೆನ್ನಿ. ಸುನಂದಾ ನೀರನ್ನೂ ಬಿಟ್ಟದ್ದು ಕಳೆದ ಫೆಬ್ರುವರಿಯಲ್ಲಿ. ಮಗಳು ವೈಶಾಲಿಗೆ ಏಳು ತಿಂಗಳಿಗೇ ಹೆರಿಗೆಯಾಗಿ, ಮಿರಜದ ಆಸ್ಪತ್ರೆಯಲ್ಲಿ ಮೊಮ್ಮಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಕೂಸು ನನ್ನ ಅಂಗೈಯಷ್ಟಿತ್ತು. ಅದು ಉಳಿದರೆ ವರ್ಷಪೂರ್ತಿ ರಾತ್ರಿ ನೀರು ಮುಟ್ಟುವುದಿಲ್ಲ ಎಂದು ಸುನಂದಾ ಅಲ್ಲಿಯೇ ನೇಮ ಹಿಡಿದಳು. ಒಳಗೆ ಕೂರಲಾಗದೆ ಆಸ್ಪತ್ರೆಯ ಆವರಣವನ್ನು ಸುತ್ತತೊಡಗಿದಳು, ಆಮೇಲೆ ಸ್ಟೇಷನ್ ತನಕ ಹೋಗಿ ಬರತೊಡಗಿದಳು. ಆ ನಡಿಗೆಯೇ ಓಟವಾಯಿತು. ಕೂಸು ನಲವತ್ತು ದಿನಕ್ಕೆ ಮನೆಗೆ ಬಂತು. ಈಗ ಸಾನ್ವಿ ಗೋಡೆ ಹಿಡಿದು ನಿಲ್ಲುತ್ತಾಳೆ. ಅವಳ ಅಜ್ಜಿಯ ನೇಮ ಮುಗಿಯಲು ಇನ್ನು ಇಪ್ಪತ್ತಾರು ದಿನ ಉಳಿದಿದ್ದವು.

ಈ ನೇಮದಲ್ಲಿ ನನಗೂ ಒಂದು ಕೆಲಸವಿತ್ತು. ವೇಳೆ ನೋಡುವವನು ನಾನು. ಅಡಿಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ದಿನದಿನದ ಸೂರ್ಯೋದಯ, ಸೂರ್ಯಾಸ್ತ ಅಚ್ಚಾಗಿರುತ್ತವೆ. ದಿನಾ ಸಂಜೆ ವರ್ಕ್‌ಶಾಪಿನಿಂದ ಫೋನು ಮಾಡಿ, "ಇನ್ನ ಇಪ್ಪತ್ತ ನಿಮಿಷ ಐತಿ, ಉಂಡಿಯೇನ?" ಎಂದು ಕೇಳುತ್ತಿದ್ದೆ. ಲೇಥಿನ ಮೇಲೆ ಕೂದಲೆಳೆಯಷ್ಟೂ ತಪ್ಪದವನು ಎಂದು ನನಗೊಂದು ಜಂಬವಿದೆ. ಭಾನುವಾರದ ಸೂರ್ಯೋದಯ ಏಳು ಗಂಟೆ ನಾಲ್ಕು ನಿಮಿಷಕ್ಕೆ ಎಂದು ಹೊರಡುವ ಮೊದಲೇ ನೋಡಿಕೊಂಡಿದ್ದೆ.

ಪುಣೆ ದಾಟುವಾಗ ಮೂರು ಗಂಟೆ. ಸುನಂದಾ ಹಾಲಿನಲ್ಲಿ ನಾದಿದ ದಶಮಿ ಭಾಕರಿ, ಮಡಕಿ ಕಾಳಿನ ಪಲ್ಯ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ ಬಿಚ್ಚಿದಳು. ಕರ್ಜತ್‌ನಲ್ಲಿ ನಾನು ಇಳಿದು ಎರಡು ವಡಾಪಾವ್ ತಿಂದು ಬಂದೆ. ಬಟಾಟೆ ತಿನ್ನದ ಹೆಂಡತಿ ನನ್ನ ಮೀಸೆ ನೋಡಿ, "ವರಸ್ಕೋರಿ, ಚಟ್ನಿ ಸಾಕ್ಷಿ ಹೇಳಾಕತ್ತೈತಿ" ಎಂದಳು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಹರಿಪುರದ ರಸ್ತೆಯಲ್ಲಿ ಅಭ್ಯಾಸ ಮಾಡುವಾಗ ಅವಳು ತಲೆ ತಿರುಗಿ ಕುಸಿದಿದ್ದಳು. ಹೊತ್ತು ಇನ್ನೂ ಹುಟ್ಟಿರಲಿಲ್ಲ. ತೋಟಕ್ಕೆ ಹೊರಟ ಒಬ್ಬಾಕೆ ತಂಬಿಗೆ ನೀರು ತಂದರೆ ಇವಳು ಮುಖಕ್ಕೆ ಮಾತ್ರ ಹಚ್ಚಿಕೊಂಡಳು. ಆವತ್ತಿನಿಂದ ನನ್ನ ಎದೆಯಲ್ಲಿ ಭಯ ಕೂತಿತ್ತು. ಓಟ ಬಿಡು ಎಂದೆ, ಬಿಡಲಿಲ್ಲ. ನೇಮವನ್ನಾದರೂ ಒಂದು ದಿನ ಸಡಿಲಿಸು ಎಂದೆ. "ಕೂಸಿನ ಹೆಸರಲೆ ಹಿಡದದ್ರಿ ಅದು. ಒಂದ ದಿನಾ ಬಿಟ್ರ ನನ್ನ ಜೀವಾ ನಿಲ್ಲೂದಿಲ್ಲ" ಎಂದಳು.

ಮುಂಬಯಿಯಲ್ಲಿ ಇಳಿದುಕೊಂಡದ್ದು ದಾದರಿನ ಬಳಿ ಒಂದು ಜೈನ ಧರ್ಮಶಾಲೆಯಲ್ಲಿ. ಎರಡು ಮಂಚ, ಒಂದು ಫ್ಯಾನು, ಬಿಸಿನೀರು ಬಕೆಟ್ಟಿನಲ್ಲಿ. ಅದನ್ನು ನೋಡಿಕೊಳ್ಳುವ ಮುದುಕರು ನಿಪ್ಪಾಣಿ ಕಡೆಯವರು. ನಾವು ಕನ್ನಡ ಆಡುವುದು ಕೇಳಿ ಖುಷಿಯಾಗಿ, "ಬರ್ರಿ, ಕುಂದ್ರಿ" ಎಂದು ಕುರ್ಚಿ ಎಳೆದರು. ಶನಿವಾರ ಓಟದ ನಂಬರು ತರಲು ಹೋದೆವು. ಅಷ್ಟು ಜನ ಒಂದೇ ಕಡೆ ಓಡಲೆಂದು ಸೇರಿದ್ದನ್ನು ನಾನು ಕಂಡಿರಲಿಲ್ಲ. ಸಂಜೆ ಬೇಗ ಬಂದು ಸುನಂದಾ ಉಂಡಳು, ನಿಧಾನಕ್ಕೆ ಎರಡು ತಂಬಿಗೆ ನೀರು ಕುಡಿದಳು. "ಒಂಟಿ ಹಂಗ ತುಂಬಕೊಳ್ಳಾಕ ಬರಂಗಿದ್ರ ಛಲೋ ಆಕ್ಕಿತ್ತು" ಎಂದು ನಕ್ಕಳು.

ಭಾನುವಾರ ನಸುಕಿನಲ್ಲಿ ಅವಳು ಟ್ಯಾಕ್ಸಿ ನಿಲ್ಲಿಸಲು ಮುಂದೆ ಹೋದಳು. ನಾನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ಕರಿಹಲಗೆ. ನೇಮದವರಿಗೆಂದು ಮುದುಕರು ಸುಣ್ಣದ ಕಡ್ಡಿಯಿಂದ ಬರೆದಿಟ್ಟಿದ್ದರು: ಸೂರ್ಯೋದಯ ೭.೧೫.

ಬರೆಯುವಾಗ ತಪ್ಪಿರಬೇಕು ಎಂದುಕೊಂಡೆ. ಮರುಕ್ಷಣ ತಪ್ಪು ಯಾರದೆಂದು ಹೊಳೆಯಿತು. ನಮ್ಮ ಗೋಡೆಯ ಕ್ಯಾಲೆಂಡರು ನಮ್ಮ ಜಿಲ್ಲೆಯದು. ಮುಂಬಯಿ ಪಶ್ಚಿಮಕ್ಕಿದೆ, ಇಲ್ಲಿ ಹೊತ್ತು ತಡವಾಗಿ ಹುಟ್ಟುತ್ತದೆ. ಕೂದಲೆಳೆಯ ಲೆಕ್ಕದವನು ಹನ್ನೊಂದು ನಿಮಿಷ ಎಡವಿದ್ದೆ. ಹೊರಗೆ ಅವಳು, "ಬರ್ರಿ, ವೇಳ ಆತು" ಎಂದು ಕರೆದಳು. ಹೋಗಿ ಪಕ್ಕದಲ್ಲಿ ಕೂತೆ. ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ. ಏಳು ನಾಲ್ಕಕ್ಕೆ ನಾನು ನೀರು ಕೊಡುತ್ತೇನೆ, ಅವಳು ಕುಡಿಯುತ್ತಾಳೆ, ಅವಳಿಗೆ ಗೊತ್ತೇ ಆಗುವುದಿಲ್ಲ. ಹನ್ನೊಂದು ನಿಮಿಷದ ದಯೆ ತೋರಿಸಿದರೆ ಯಾರ ಗಂಟು ಹೋಗುತ್ತದೆ? ದುಡ್ಡು ಕೊಟ್ಟು ಮಾಹೀಮಿನಲ್ಲಿ ಇಳಿಯುವ ತನಕ ಇದನ್ನೇ ಮನಸ್ಸಿಗೆ ಒಪ್ಪಿಸಿದೆ.

ಐದಕ್ಕೆ ಓಟ ಶುರುವಾಯಿತು. ಜನಜಂಗುಳಿಯಲ್ಲಿ ಮೊದಲಿಗೆ ಓಡುವುದಿರಲಿ, ಕಾಲಿಡಲೂ ಜಾಗವಿರಲಿಲ್ಲ. ಆಮೇಲೆ ಸಮುದ್ರದ ಮೇಲಿನ ದೊಡ್ಡ ಸೇತುವೆ ಬಂತು. ಎರಡೂ ಕಡೆ ಕಪ್ಪು ನೀರು, ಉಪ್ಪು ಗಾಳಿ, ಸಾವಿರಾರು ಬೂಟುಗಳ ಸಪ್ಪಳ. ಸುನಂದಾ ಸೀರೆಯ ನಿರಿಗೆ ಹಿಡಿಯುವ ಹಾಗೆ ಎಡಗೈಯನ್ನು ಮಡಿಸಿಟ್ಟುಕೊಂಡು ಓಡುತ್ತಾಳೆ, ಪ್ಯಾಂಟು ತೊಟ್ಟರೂ ಆ ಚಾಳಿ ಹೋಗಿಲ್ಲ. ನನಗೆ ಅದನ್ನು ನೋಡುತ್ತ ಓಡುವುದೇ ಒಂದು ಸುಖ.

ಸೇತುವೆ ಇಳಿದ ಮೇಲೆ ರಸ್ತೆಬದಿಯಲ್ಲಿ ಜನವೋ ಜನ. ರಾತ್ರಿಯ ಗೌನಿನಲ್ಲೇ ಬಂದು ನಿಂತ ಅಜ್ಜಿಯರು ಕಿತ್ತಳೆ ತೊಳೆ ಹಂಚುತ್ತಿದ್ದರು. ನೀರಿನ ಟೇಬಲ್ಲುಗಳ ಹತ್ತಿರ ಅರ್ಧ ಕುಡಿದು ಎಸೆದ ಬಾಟಲಿಗಳಿಂದ ರಸ್ತೆಯೇ ತೊಯ್ದಿತ್ತು. ಸುನಂದಾ ಆ ನೀರನ್ನು ತುಳಿದುಕೊಂಡು, ಬಾಯಿ ಮುಚ್ಚಿ ದಾಟಿದಳು. ನಾನು ಬೆನ್ನು ತಿರುಗಿಸಿ ಒಂದು ಬಾಟಲಿ ಕುಡಿದೆ. "ಎದರಿಗೇ ಕುಡೀರಿ. ನಾ ಏನ ನಿಮ್ಮ ಬಾಯಿ ಕಟ್ಟಿಲ್ಲ" ಎಂದಳು.

ಹಾಜಿ ಅಲಿ ದಾಟಿ ಪೆಡ್ಡರ್ ರಸ್ತೆಯ ಏರು ಹತ್ತುವಾಗ ಹೆಜ್ಜೆ ತಡವರಿಸತೊಡಗಿತು. ತುಟಿ ಬಿಳುಪೇರಿದ್ದವು. ರಸ್ತೆ ನಡುವಿನ ಕಬ್ಬಿಣದ ಬೇಲಿ ಹಿಡಿದು ನಿಂತಳು. ಹರಿಪುರದ ರಸ್ತೆ ನನ್ನ ಕಣ್ಣೆದುರು ಬಂತು.

"ಎಷ್ಟ ಉಳೀತ್ರಿ?" ಎಂದು ಕೇಳಿದಳು.

ಕೈಗಡಿಯಾರದಲ್ಲಿ ಆರು ಐವತ್ತೆಂಟು. "ಆರ ನಿಮಿಷ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು.

ಆರು ನಿಮಿಷ ನಡೆದೆವು. ಏಳು ನಾಲ್ಕಾಯಿತು. ಆಕಾಶ ಬೆಳ್ಳಗಾಗಿತ್ತು, ಸೂರ್ಯ ಕಾಣುವಂತಿರಲಿಲ್ಲ. ಆ ಊರಿನಲ್ಲಿ ಕಟ್ಟಡಗಳು ಬಿಟ್ಟುಕೊಟ್ಟರೆ ತಾನೆ? ಬಾಟಲಿಯ ಮುಚ್ಚಳ ತೆಗೆದು ಕೊಟ್ಟೆ. ಅವಳು ಅದನ್ನು ಎರಡು ಅಂಗೈಗಳ ನಡುವೆ ಹಿಡಿದು ಕಣ್ಣು ಮುಚ್ಚಿದಳು. ಮನೆಯಲ್ಲಿ ದಿನಾ ಬೆಳಿಗ್ಗೆ ಹೀಗೆಯೇ ಮಾಡುತ್ತಾಳೆ, ತುಟಿ ಮಾತ್ರ ಅಲುಗುತ್ತವೆ. ಮಂತ್ರ ಹೇಳುತ್ತಾಳೆ ಎಂದು ಗೊತ್ತು. ಆವತ್ತು ದಣಿವಿಗೋ ಏನೋ, ದನಿ ಹೊರಬಂತು. ಮಂತ್ರ ಮುಗಿಸಿ, "ನಮ್ಮ ಸಾನ್ವಿ ಸುಖದಿಂದ ಇರಲಿ" ಎಂದಳು. ಬಾಟಲಿ ತುಟಿಯ ಹತ್ತಿರ ಹೋಯಿತು.

"ತಡಿ" ಎಂದು ಕೈ ಹಿಡಿದೆ. "ಇನ್ನೂ ಹೊತ್ತ ಹುಟ್ಟಿಲ್ಲ. ಹನ್ನೊಂದ ನಿಮಿಷ ಐತಿ. ನಾ ನೋಡಿದ್ದು ನಮ್ಮೂರಿನ ವೇಳೆ."

ಅವಳು ಬಾಟಲಿ ಇಳಿಸಿದಳು. "ಈಗ ನೆನಪಾತೇನ್ರಿ?"

"ಇಲ್ಲ. ಧರ್ಮಶಾಲಾದ ಹಲಗಿ ಮ್ಯಾಲ ಓದಿದ್ನಿ. ಹೊರಡೂ ಮೊದಲ."

"ಎರಡ ತಾಸ ಇದನ್ನ ಬಾಯಾಗ ಇಟಗೊಂಡ ಓಡಿದ್ರಿ?" ಎಂದಳು. ಬಾಟಲಿಯನ್ನು ನನ್ನ ಕೈಗಿಟ್ಟು ನಡೆಯತೊಡಗಿದಳು.

ಆ ಹನ್ನೊಂದು ನಿಮಿಷ ನನ್ನ ಆಯುಷ್ಯದಲ್ಲೇ ಉದ್ದನೆಯವು. ಅವಳು ಬಿದ್ದರೆ ಹಿಡಿಯಲೆಂದು ಒಂದು ಹೆಜ್ಜೆ ಹಿಂದೆ ನಡೆದೆ. ಬೀಳಲಿಲ್ಲ. ಏರು ಮುಗಿದು ಇಳಿಜಾರು ಬಂತು. ನನ್ನ ಗಡಿಯಾರದಲ್ಲಿ ಏಳು ಹದಿನೈದಾಗಿ, "ಈಗ ಆತು" ಎಂದೆ. ಅವಳು ನನ್ನ ಮಾತಿಗೆ ಬಾಟಲಿ ತೆಗೆದುಕೊಳ್ಳಲಿಲ್ಲ. ಬಾಳೆಹಣ್ಣು ಹಂಚುತ್ತಿದ್ದ ಒಬ್ಬ ಹುಡುಗಿಯ ಹತ್ತಿರ ಹೋಗಿ, ಸೂರ್ಯ ಹುಟ್ಟಿದನೇ ಎಂದು ಮರಾಠಿಯಲ್ಲಿ ಕೇಳಿದಳು. ಹುಡುಗಿ ಗಲಿಬಿಲಿಯಾಗಿ ಮೊಬೈಲು ನೋಡಿ, ಹೌದು ಕಾಕಿ, ಈಗಷ್ಟೇ ಎಂದಳು. ಆಮೇಲೆ ಸುನಂದಾ ಕುಡಿದಳು. ಹನ್ನೊಂದು ತಿಂಗಳು ಹೊತ್ತು ಹೇಳಿದವನು ನಾನು. ಪಕ್ಕದಲ್ಲಿ ನಿಂತು ಅದನ್ನು ನೋಡಬೇಕಾಯಿತು.

ನೀರು ಒಳಗೆ ಹೋದ ಮೇಲೆ ಅವಳ ಕಾಲಿಗೆ ಜೀವ ಬಂತು. ಮರೀನ್ ಡ್ರೈವಿನ ಉದ್ದಕ್ಕೂ ಓಡಿದಳು, ನಾನೇ ಹಿಂದೆ ಬಿದ್ದೆ. ತಡವಾದವರನ್ನು ಹತ್ತಿಸಿಕೊಳ್ಳುವ ಬಸ್ಸು ಬೆನ್ನ ಹಿಂದೆ ಎಲ್ಲೋ ಬರುತ್ತಿತ್ತು. ಅವಧಿ ಮುಗಿಯಲು ಕೆಲವೇ ನಿಮಿಷ ಇದ್ದಾಗ ಇಬ್ಬರೂ ಗೆರೆ ದಾಟಿದೆವು. ಕೊರಳಿಗೆ ಪದಕ ಬಿದ್ದಾಗ ಅವಳು ಅತ್ತಳು. ನನ್ನ ಹೆಗಲಿಗೆ ಒರಗಿ ಅಳಲಿಲ್ಲ, ಅಷ್ಟೇ.

ಆ ಸಂಜೆ ಧರ್ಮಶಾಲೆಯಲ್ಲಿ ಅವಳು ಸೂರ್ಯಾಸ್ತ ಎಷ್ಟಕ್ಕೆಂದು ತಾನೇ ಹೋಗಿ ಹಲಗೆ ನೋಡಿಬಂದಳು. ಜಗಳವಿಲ್ಲ, ಸಿಟ್ಟಿಲ್ಲ. ನನಗೆ ಎಣ್ಣೆ ಕೊಟ್ಟು ಮಂಡಿ ತಿಕ್ಕಿಕೊಳ್ಳಿ ಎಂದಳು. ನನ್ನನ್ನು ಹೊತ್ತು ಮಾತ್ರ ಕೇಳಲಿಲ್ಲ.

ಸೋಮವಾರ ಮತ್ತೆ ಹಗಲು ರೈಲು. ಪುಣೆ ಬಿಟ್ಟ ಮೇಲೆ ವೈಶಾಲಿಯ ವಿಡಿಯೊ ಫೋನು ಬಂತು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಕೊಡುತ್ತಾಳೆ. ತೆರೆಯ ತುಂಬ ಸಾನ್ವಿಯ ಮೂಗು. ನೀರಿಲ್ಲದೆ ಹೇಗೆ ಓಡಿದೆ ಆಯಿ, ಎಂದು ಮಗಳು ಕೇಳಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

"ನಿಮ್ಮಪ್ಪ ಇದ್ರಲ್ಲ" ಎಂದಳು ಸುನಂದಾ. "ಬರೋಬರ ವೇಳೆಕ್ಕ ನೀರ ಕೊಟ್ರ."

ಫೋನು ಇಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. "ನಂದ ತಪ್ಪಾತು" ಎಂದೆ. "ನೀ ಬಿದ್ದೀ ಅಂತ ಹೆದರಿದ್ನಿ. ಹರಿಪುರದಾಗ ಬಿದ್ದಾಗಿಂದ ದಿನಾ ಹೆದರೇನಿ."

"ಅದು ನನಗ ತಿಳೀತ್ರಿ" ಎಂದಳು. "ಆದ್ರ ಹನ್ನೊಂದ ತಿಂಗಳಾತು, ನಾ ಗಡಿಯಾಳ ನೋಡಿಲ್ಲ. ನೀವ ಹೊತ್ತ ಐತಿ ಅಂದ್ರ ಉಂಡೇನಿ, ಇಲ್ಲಂದ್ರ ಬಿಟ್ಟೇನಿ. ನಿನ್ನೆ ಆ ಹುಡುಗಿನ ಕೇಳೂವಾಗ ನನಗೂ ಕೆಟ್ಟ ಅನಸ್ತು."

ಕರಾಡ ದಾಟಿತು. ಎರಡೂ ಬದಿಗೆ ಕಬ್ಬು. ರೈಲು ಎಂದಿನಂತೆ ತಡ. ಊಟ ಮುಗಿಸಿದ್ದಳು. ಬಾಟಲಿಯಲ್ಲಿ ರಾತ್ರಿಗೆ ಮುಂಚಿನ ಕಡೆಯ ನೀರಿತ್ತು. ಬಿಸಿಲು ಕೆಂಪಾಗಿ ಬೋಗಿಯೊಳಗೆ ಅಡ್ಡ ಬಿದ್ದಿತ್ತು. ಅವಳ ಕೈ ಮೊಬೈಲಿನ ಕಡೆ ಹೋಗಿ ಸುಮ್ಮನಾಯಿತು.

"ಹೊತ್ತ ಐತೇನ್ರಿ?" ಎಂದು ನನ್ನನ್ನು ಕೇಳಿದಳು.

ಓಡುವ ರೈಲಿನಲ್ಲಿ ಯಾವ ಊರಿನ ವೇಳೆ ಹೇಳುವುದು? ಗಡಿಯಾರ ಬಿಟ್ಟು ಎದ್ದೆ. ಆಚೆ ಬದಿಯ ಕಿಟಕಿಗೆ ಹೋಗಿ, ಕೂತವರ ತಲೆಯ ಮೇಲಿಂದ ಬಗ್ಗಿ ನೋಡಿದೆ. ಕಬ್ಬಿನ ಗರಿಗಳ ಮೇಲೆ ಸೂರ್ಯ ಇನ್ನೂ ಎರಡು ಬೆರಳು ಉಳಿದಿದ್ದ. ಪೂರ್ತಿ ನೋಡಿಕೊಂಡು ತಿರುಗಿ ಬಂದೆ.

"ಐತಿ, ಕುಡಿ" ಎಂದೆ.

ಅವಳು ಕಿಟಕಿಯ ಕಡೆ ನೋಡಲಿಲ್ಲ. ನನ್ನ ಮುಖ ನೋಡುತ್ತ ಕುಡಿದಳು.